ಸೇರುವಾಗ ನೋವು: ಜೆಲ್ಲಿ, ಎಣ್ಣೆ, ಕ್ರೀಮು, ಡೈಲೇಟರ್‌ಗಳಲ್ಲಿ ಯಾವುದು ಯಾವ ನೋವಿಗೆ?

ಗಂಡನ ಜೊತೆ ಸೇರುವಾಗ ನೋವಾಗುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಹೇಳುವ ಧೈರ್ಯ ಮಾಡಿದವರ ಕೈಗೆ ಹೆಚ್ಚಾಗಿ ಬರುವುದು ಒಂದು ಜೆಲ್ಲಿ ಟ್ಯೂಬು. ಆನ್‌ಲೈನಿನಲ್ಲಿ ಹುಡುಕಿದರೆ ಲೂಬ್ರಿಕೆಂಟು, ಇಂಟಿಮೇಟ್ ವಾಶ್, ಟೈಟ್ನಿಂಗ್ ಜೆಲ್, ಸಿಲಿಕೋನ್ ಡೈಲೇಟರ್ ಸೆಟ್ಟು (ಸ್ನಾಯು ಸಡಿಲಿಸುವ ಅಭ್ಯಾಸಕ್ಕೆ ಯೋನಿಯೊಳಗೆ ಇಡುವ, ಬೇರೆ ಬೇರೆ ಗಾತ್ರದ ಕೊಳವೆಯಂಥ ತುಂಡುಗಳು), ಲೇಸರ್ ಪ್ಯಾಕೇಜು ಒಂದರ ಹಿಂದೊಂದು ಬರುತ್ತವೆ. ಇವುಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಸಾಮಾನುಗಳೂ ಇವೆ, ದುಡ್ಡು ನುಂಗುವವೂ ಇವೆ, ನೋವನ್ನು ಹೆಚ್ಚಿಸುವವೂ ಇವೆ. ಒಳ್ಳೆಯ ಸಾಮಾನು ಕೂಡ ತಪ್ಪು ನೋವಿಗೆ ಬಳಸಿದರೆ ಕೆಲಸಕ್ಕೆ ಬಾರದು. ಒಣಗಿದ ಚರ್ಮದ ಉರಿಗೆ ಜೆಲ್ಲಿ ಸರಿ. ಬಿಗಿದ ಸ್ನಾಯುವಿಗೆ ಅದು ಅರ್ಧ ಉತ್ತರ. ಚಾಕೊಲೇಟ್ ಸಿಸ್ಟ್, ಅಂದರೆ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು ಇರುವವರಿಗೆ ಉತ್ತರವೇ ಅಲ್ಲ. ಆದ್ದರಿಂದ ಕೊಳ್ಳುವ ಮುಂಚೆ ನೋವು ಎಲ್ಲಿ, ಯಾವ ಕ್ಷಣದಲ್ಲಿ, ಯಾವ ಥರ ಅನ್ನುವುದು ಗೊತ್ತಾಗಬೇಕು.

ಒಳಗೆ ಹೋಗುವ ಮೊದಲ ಕ್ಷಣದಲ್ಲೇ ಕೊಯ್ದ ಹಾಗೆ, ಖಾರ ತಾಗಿದ ಹಾಗೆ ಉರಿದರೆ ತೊಂದರೆ ಯೋನಿದ್ವಾರದಲ್ಲಿದೆ: ಒಣಗಿರುವುದು, ಸೋಂಕು, ಚರ್ಮದ ಕಾಯಿಲೆ, ಹೆರಿಗೆಯ ಹೊಲಿಗೆಯ ಗಾಯ, ಅಥವಾ ದ್ವಾರದ ಸುತ್ತಲಿನ ನರಗಳು ಅತಿಯಾಗಿ ಸೂಕ್ಷ್ಮವಾಗಿರುವುದು. ಒಳಗೆ ಹೋಗಲೇ ಆಗದೆ ಏನೋ ಅಡ್ಡ ನಿಂತ ಹಾಗಾದರೆ, ತೊಡೆಗಳು ತಾವಾಗಿ ಕೂಡಿಕೊಂಡರೆ ಅದು ಸ್ನಾಯುವಿನ ಬಿಗಿತ; ವಜೈನಿಸ್ಮಸ್ ಎನ್ನುವುದು ಇದನ್ನೇ. ಒಳಗೆ ಹೋಗುವಾಗ ಏನೂ ಇಲ್ಲದೆ, ಆಳಕ್ಕೆ ತಾಗಿದಾಗ ಕಿಬ್ಬೊಟ್ಟೆಯಲ್ಲೋ ಸೊಂಟದ ಹಿಂದೆಯೋ ಕುಕ್ಕಿದ ಹಾಗಾದರೆ ಕಾರಣ ಒಳಗಿನ ಅಂಗಗಳಲ್ಲಿರಬಹುದು. ಒಬ್ಬರಲ್ಲೇ ಎರಡು ಕಾರಣ ಸೇರಿರುವುದು ಬಹಳ ಸಾಮಾನ್ಯ. ಮೊದಲು ಫಂಗಸ್ ಸೋಂಕಿನಿಂದ ಉರಿ ಶುರುವಾಗುತ್ತದೆ, ಆಮೇಲೆ ನೋವಿನ ಭಯಕ್ಕೆ ಸ್ನಾಯು ಬಿಗಿಯುವುದನ್ನು ಕಲಿಯುತ್ತದೆ. ಸೋಂಕು ವಾಸಿಯಾದ ಮೇಲೂ ಬಿಗಿತ ಉಳಿದುಬಿಡುತ್ತದೆ. ಹೀಗೆ ಬೆಸೆದುಕೊಂಡಿರುವುದರಿಂದಲೇ ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಸೇರುವಾಗಿನ ನೋವು ಮತ್ತು ವಜೈನಿಸ್ಮಸ್ ಎರಡನ್ನೂ ಒಂದೇ ಹೆಸರಿನಡಿ ತಂದಿತು.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆಗೆ ಬೇಕಾಗುವುದು ಕೈಗನ್ನಡಿ, ಟಾರ್ಚು, ಕಿವಿಗೆ ಬಳಸುವ ಹತ್ತಿಯ ಕಡ್ಡಿ. ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಮೊದಲು ಒಳತೊಡೆಗೆ ಮುಟ್ಟಿಸಿ. ಆ ಸ್ಪರ್ಶ ಹೇಗಿರುತ್ತದೆಂದು ಮನಸ್ಸಿಗೆ ಬರಲಿ. ಆಮೇಲೆ ಹೊರತುಟಿ, ಒಳತುಟಿ, ಕೊನೆಗೆ ಯೋನಿದ್ವಾರದ ಸುತ್ತ. ದ್ವಾರವನ್ನು ಗಡಿಯಾರವೆಂದು ಭಾವಿಸಿ: ಮೂತ್ರದ್ವಾರದ ಕಡೆ 12, ಮಲದ್ವಾರದ ಕಡೆ 6. ಒತ್ತಬಾರದು, ತಾಗಿಸಿದರೆ ಸಾಕು. ಒಳತೊಡೆಯ ಮೇಲೆ ಏನೂ ಅನಿಸದ ಅದೇ ಸ್ಪರ್ಶ 4ರಿಂದ 8 ಗಂಟೆಯ ಭಾಗದಲ್ಲಿ ಸೂಜಿ ಚುಚ್ಚಿದಂತಾದರೆ ವೆಸ್ಟಿಬ್ಯುಲೊಡಿನಿಯಾ ಎಂಬ ನರಸೂಕ್ಷ್ಮತೆಯ ಅನುಮಾನ ಬರುತ್ತದೆ. ಒಂದೇ ಜಾಗದಲ್ಲಿ, ಹಳೆಯ ಹೊಲಿಗೆಯ ಗೆರೆಯ ಮೇಲೆ ಮಾತ್ರ ನೋವಿದ್ದರೆ ಗಾಯದ ಕಲೆ ಕಾರಣವಿರಬಹುದು. ಎಲ್ಲೂ ನೋವಿಲ್ಲದಿದ್ದರೆ ಕಾರಣ ಇನ್ನೂ ಒಳಗಿದೆ. ದಿನಾಂಕ, ಮುಟ್ಟಾಗಿ ಎಷ್ಟನೇ ದಿನ, ನೋವಿನ ಜಾಗ, 10ಕ್ಕೆ ಎಷ್ಟು ಅಂಕ, ಎಷ್ಟು ಹೊತ್ತು ಉಳಿಯಿತು, ಇಷ್ಟನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಎಲ್ಲ ತೀರ್ಮಾನಕ್ಕೂ ಅದೇ ಆಧಾರ.

ಜೆಲ್ಲಿ ಮತ್ತು ಎಣ್ಣೆ

ಜೆಲ್ಲಿಗಳಲ್ಲಿ ಮೂರು ಜಾತಿ: ನೀರಿನ ಆಧಾರದವು, ಸಿಲಿಕೋನಿನವು, ಎಣ್ಣೆಯವು. ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುವುದರಲ್ಲಿ ನೀರಿನವೇ ಹೆಚ್ಚು. ಇವು ಕಾಂಡೋಮಿಗೂ ಸರಿ, ಸಿಲಿಕೋನ್ ಡೈಲೇಟರಿಗೂ ಸರಿ, ಬಟ್ಟೆಗೆ ಅಂಟಿದರೆ ತೊಳೆದರೆ ಹೋಗುತ್ತವೆ. ಕೊರತೆಯೆಂದರೆ ಬೇಗ ಒಣಗುತ್ತವೆ. ಒಣಗುತ್ತಾ ಅಂಟಂಟಾಗಿ, ಮೊದಲಿಗಿಂತ ಹೆಚ್ಚು ಉಜ್ಜುತ್ತವೆ. ಆಗ ಮತ್ತೆ ಜೆಲ್ಲಿ ಸುರಿಯುವ ಬದಲು ಬೆರಳನ್ನು ನೀರಿನಲ್ಲಿ ಅದ್ದಿ ಸವರಿದರೆ ಅದೇ ಜೆಲ್ಲಿ ಮತ್ತೆ ಜಾರುತ್ತದೆ.

ಈ ಟ್ಯೂಬುಗಳ ಬಗ್ಗೆ ಜಾಹೀರಾತು ಹೇಳದ ಒಂದು ಅಂಕಿ ಇದೆ: ಆಸ್ಮೊಲಾಲಿಟಿ, ಅಂದರೆ ದ್ರವದಲ್ಲಿ ಕರಗಿರುವ ಕಣಗಳ ಸಾಂದ್ರತೆ. ನಮ್ಮ ರಕ್ತದ್ದು ಸುಮಾರು 290. ಜೆಲ್ಲಿಯದು ಅದಕ್ಕಿಂತ ಬಹಳ ಹೆಚ್ಚಿದ್ದರೆ ಯೋನಿಯ ಒಳಪದರದ ಕೋಶಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡುವ ಹಾಗೆ. ಹಚ್ಚಿದಾಗ ತಣ್ಣಗೆ, ಹತ್ತು ನಿಮಿಷಕ್ಕೆ ಉರಿ, ಮಾರನೆಯ ದಿನ ಇನ್ನಷ್ಟು ಒಣಗು ಎಂದು ಕೆಲವರು ಹೇಳುವುದಕ್ಕೆ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಕೊಟ್ಟ ಸಲಹೆಯಂತೆ ಇದು 380ರೊಳಗಿದ್ದರೆ ಉತ್ತಮ, 1200 ದಾಟಬಾರದು. ಪ್ರಸಿದ್ಧ ಕೆವೈ ಜೆಲ್ಲಿಯನ್ನೇ ಪ್ರಯೋಗಾಲಯದಲ್ಲಿ ಅಳೆದಾಗ 2000 ದಾಟಿದ್ದು ಪ್ರಕಟವಾಗಿದೆ. ತೊಂದರೆ ಏನೆಂದರೆ ಟ್ಯೂಬಿನ ಮೇಲೆ ಈ ಅಂಕಿ ಅಚ್ಚಾಗಿರುವುದು ಅಪರೂಪ. ಹಾಗಾಗಿ ಪದಾರ್ಥಗಳ ಪಟ್ಟಿ ಓದಿ. ನೀರಿನ ನಂತರದ ಮೊದಲ ಹೆಸರುಗಳೇ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಆಗಿದ್ದರೆ ಅದು ಈ ಗುಂಪಿನದೆಂದು ಊಹಿಸಬಹುದು. ಹೈಡ್ರಾಕ್ಸಿ ಈಥೈಲ್ ಸೆಲ್ಯುಲೋಸ್ ಮೇಲಿದ್ದು ಗ್ಲಿಸರಿನ್ ಇಲ್ಲದಿದ್ದರೆ ಅಥವಾ ಪಟ್ಟಿಯ ಕೊನೆಯಲ್ಲಿದ್ದರೆ ಒಳ್ಳೆಯದು. ಪಿಎಚ್ (ಆಮ್ಲೀಯತೆಯ ಅಳತೆ) ಬರೆದಿದ್ದರೆ 4.5ರ ಆಸುಪಾಸು ಇರಲಿ. ಸ್ಟ್ರಾಬೆರಿ ವಾಸನೆ, ಬಿಸಿ ಮಾಡುವ ಅಥವಾ ಜುಮ್ಮೆನಿಸುವ ಜೆಲ್ಲಿಗಳನ್ನು ನೋವಿರುವವರು ಕೊಳ್ಳಲೇಬಾರದು. ಆ ಜುಮ್ಮು ಬರುವುದು ಮೆಂಥಾಲ್ ಅಥವಾ ಖಾರದಂಥ ಪದಾರ್ಥದಿಂದ.

ಎಷ್ಟು ಹಚ್ಚಬೇಕು? ಬಟಾಣಿ ಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಎಂದುಕೊಳ್ಳುವವರೇ ಜಾಸ್ತಿ. ಅರ್ಧ ಟೀ ಚಮಚದಷ್ಟು ಬೇಕು, ಅದೂ ಎರಡೂ ಕಡೆ: ಯೋನಿದ್ವಾರದ 4ರಿಂದ 8 ಗಂಟೆಯ ಭಾಗಕ್ಕೆ, ಮತ್ತು ಶಿಶ್ನಕ್ಕೆ ಅಥವಾ ಕಾಂಡೋಮಿನ ಹೊರಭಾಗಕ್ಕೆ. ಹೊಸ ಟ್ಯೂಬನ್ನು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಸವರಿ ಒಂದು ದಿನ ಬಿಟ್ಟು ನೋಡಿ. ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಇನ್ನೊಂದು ಮಾತು: ಸಾಮಾನ್ಯ ಜೆಲ್ಲಿಗಳಲ್ಲಿ ಹಲವು ವೀರ್ಯಾಣುಗಳ ಚಲನೆ ಕುಗ್ಗಿಸುತ್ತವೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಅಂಥವರು ವೀರ್ಯಾಣುವಿಗೆ ಹಾನಿಯಿಲ್ಲವೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಬೇಕು.

ಸಿಲಿಕೋನ್ ಜೆಲ್ಲಿ ಒಣಗುವುದಿಲ್ಲ, ಹೀರಿಕೊಳ್ಳುವುದಿಲ್ಲ, ಉರಿ ಕಡಿಮೆ. ದ್ವಾರದಲ್ಲೇ ಉರಿಯುವವರಿಗೆ, ಮುಟ್ಟು ನಿಂತವರಿಗೆ ನಮ್ಮ ಮೊದಲ ಆಯ್ಕೆ ಇದು. ಕಾಂಡೋಮಿಗೆ ತೊಂದರೆಯಿಲ್ಲ. ಆದರೆ ಸಿಲಿಕೋನ್ ಡೈಲೇಟರಿನ ಮೇಲೆ ಹಚ್ಚಿದರೆ ಅದರ ಮೇಲ್ಮೈ ಹಾಳಾಗುತ್ತದೆ, ಮತ್ತು ಹಾಸಿಗೆಯ ಬಟ್ಟೆಯಿಂದ ಕಲೆ ಹೋಗುವುದು ಕಷ್ಟ.

ಕೊಬ್ಬರಿ ಎಣ್ಣೆಯನ್ನು ಕೀಳಾಗಿ ಕಾಣಬೇಕಿಲ್ಲ. ಸುಗಂಧ ಬೆರೆಸದ ಶುದ್ಧ ಎಣ್ಣೆ ದ್ವಾರದ ಹೊರಚರ್ಮಕ್ಕೆ ಹಿತ, ಬಹಳ ಹೊತ್ತು ಜಾರಿಕೆ ಉಳಿಯುತ್ತದೆ, ಉರಿಸುವ ಸಂರಕ್ಷಕ ಯಾವುದೂ ಅದರಲ್ಲಿಲ್ಲ. ತಲೆಗೆ ಹಚ್ಚುವ, ಪರಿಮಳದ ಎಣ್ಣೆ ಮಾತ್ರ ಬೇಡ. ಅಡುಗೆಮನೆಯ ಡಬ್ಬಕ್ಕೆ ಕೈ ಅದ್ದದೆ ಒಂದು ಚಿಕ್ಕ ಶುಚಿಯಾದ ಬಾಟಲಿಯಲ್ಲಿ ಬೇರೆ ಇಟ್ಟುಕೊಳ್ಳಿ. ಒಂದೇ ಒಂದು ಕಟ್ಟುನಿಟ್ಟು: ಲೇಟೆಕ್ಸ್ ಕಾಂಡೋಮಿನ ಜೊತೆ ಯಾವ ಎಣ್ಣೆಯೂ ಕೂಡದು, ವ್ಯಾಸಲಿನ್ ಕೂಡ. ನಿಮಿಷಗಳಲ್ಲಿ ರಬ್ಬರು ಸಡಿಲವಾಗಿ ಹರಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ನಿರೋಧ್ ಕೂಡ ಲೇಟೆಕ್ಸೇ.

ಇಂಟಿಮೇಟ್ ವಾಶ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನೋವಿಗೆ ಔಷಧವಲ್ಲ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ, ಹೊರಗೆ ಬರಿಯ ನೀರು ಸಾಕು. ಉರಿ ಇರುವವರು ವಾಶ್, ಡೆಟಾಲ್, ಸುಗಂಧದ ಪ್ಯಾಡು ಎಲ್ಲವನ್ನೂ ತಿಂಗಳ ಮಟ್ಟಿಗೆ ಬಿಟ್ಟು ನೋಡಿದರೆ ಕೆಲವರಿಗೆ ಅಷ್ಟಕ್ಕೇ ಅರ್ಧ ನೋವು ಇಳಿಯುತ್ತದೆ. ಟೈಟ್ನಿಂಗ್ ಜೆಲ್‌ಗಳಂತೂ ಖಂಡಿತ ಬೇಡ. ಹಲವುದರಲ್ಲಿ ಇರುವುದು ಪಟಿಕದಂಥ ಒಗರು ಪದಾರ್ಥ. ಅದು ಒಳಪದರವನ್ನು ಒಣಗಿಸುತ್ತದೆ, ಆ ಒಣಗನ್ನೇ ಬಿಗಿಯೆಂದು ಮಾರುತ್ತಾರೆ.

ಔಷಧದ ಟ್ಯೂಬುಗಳು

ತುರಿಕೆ, ಮೊಸರಿನ ಗರಣೆಯಂಥ ಬಿಳಿ ಸೆರಗು ಇದ್ದರೆ ಫಂಗಸ್. ಯೋನಿಯಲ್ಲಿ ಬಳಸುವ ಕ್ಲೋಟ್ರಿಮಜೋಲಿಗೆ, ಇಲ್ಲವೇ ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಮಿನ ಒಂದು ಮಾತ್ರೆಗೆ ಸಾಮಾನ್ಯವಾಗಿ ಹೋಗುತ್ತದೆ. ಗರ್ಭಿಣಿಯರು ಫ್ಲುಕೊನಜೋಲ್ ನುಂಗಬಾರದು. ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದರೆ ಮತ್ತೊಂದು ಟ್ಯೂಬು ಕೊಳ್ಳುವ ಬದಲು ಶುಗರ್ ಪರೀಕ್ಷೆ ಮಾಡಿಸಿ, ಸೆರಗನ್ನು ಲ್ಯಾಬಿಗೆ ಕೊಡಿ. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಎಲ್ಲ ತುರಿಕೆಗೂ ಫಂಗಸ್ ಕ್ರೀಮು, ಅದರಲ್ಲೂ ಸ್ಟೀರಾಯ್ಡ್, ಆಂಟಿಬಯಾಟಿಕ್, ಆಂಟಿಫಂಗಲ್ ಮೂರನ್ನೂ ಬೆರೆಸಿದ ಕ್ರೀಮು ಹಚ್ಚುವುದು. ರಾತ್ರಿ ಹೊತ್ತು ಹೆಚ್ಚುವ ತುರಿಕೆ, ಸಿಗರೇಟ್ ಕಾಗದದಂತೆ ಬೆಳ್ಳಗೆ ತೆಳುವಾದ ಚರ್ಮ, ಒಳತುಟಿ ಕರಗಿ ಹೋದಂತೆ ಕಾಣುವುದು, ಸೇರುವಾಗ ಸೀಳುವುದು, ಇವಿದ್ದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಅದಕ್ಕೆ ಬೇಕಾಗುವುದು ಕ್ಲೋಬೆಟಾಸಾಲ್ 0.05% ಮುಲಾಮು, ವೈದ್ಯರು ಚರ್ಮ ನೋಡಿದ ಮೇಲೆ: ನಾಲ್ಕು ವಾರ ಪ್ರತಿ ರಾತ್ರಿ, ನಾಲ್ಕು ವಾರ ರಾತ್ರಿ ಬಿಟ್ಟು ರಾತ್ರಿ, ಇನ್ನು ನಾಲ್ಕು ವಾರ ವಾರಕ್ಕೆರಡು ಸಲ. 30 ಗ್ರಾಮಿನ ಟ್ಯೂಬು ಮೂರು ತಿಂಗಳು ಬರಬೇಕು. ಅದಕ್ಕೂ ಮುಂಚೆ ಮುಗಿದರೆ ಹೆಚ್ಚು ಹಚ್ಚುತ್ತಿದ್ದೀರಿ ಎಂದರ್ಥ. ಇದನ್ನು ಬಿಟ್ಟರೆ ಚರ್ಮ ಅಂಟಿಕೊಳ್ಳುತ್ತದೆ, ಕೆಲವರಿಗೆ ಕ್ಯಾನ್ಸರಿಗೂ ತಿರುಗಬಹುದು.

ಮುಟ್ಟು ನಿಂತ ಮೇಲಿನ ನೋವಿಗೆ ನಮ್ಮಲ್ಲಿ ಅತಿ ಕಡಿಮೆ ಬಳಕೆಯಾಗುತ್ತಿರುವ, ಆದರೆ ಅತಿ ಚೆನ್ನಾಗಿ ಕೆಲಸ ಮಾಡುವ ಸಾಮಾನು ಎಸ್ಟ್ರಿಯೋಲ್ ಕ್ರೀಮು, ಅಂದರೆ ಈಸ್ಟ್ರೋಜನ್ ಹಾರ್ಮೋನಿನ ಕ್ರೀಮು. ಗ್ರಾಮಿಗೆ 1 ಮಿಲಿಗ್ರಾಂ ಔಷಧವಿರುವ ಟ್ಯೂಬು, ಅದರ ಜೊತೆ ಗುರುತು ಹಾಕಿದ ಅಪ್ಲಿಕೇಟರ್ ಬರುತ್ತದೆ. ಸಾಮಾನ್ಯ ಕ್ರಮ: ಮಲಗುವಾಗ ಅರ್ಧ ಗ್ರಾಂ, ಎರಡು ಮೂರು ವಾರ ಪ್ರತಿದಿನ, ಆಮೇಲೆ ವಾರಕ್ಕೆರಡು ರಾತ್ರಿ. ಬರೀ ಒಳಗೆ ಹಾಕಿದರೆ ಸಾಲದು. ನೋವಿರುವುದು ದ್ವಾರದಲ್ಲಾದ್ದರಿಂದ ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ಅಲ್ಲಿಗೂ ಸವರಬೇಕು. ಎರಡು ವಾರ ಹಚ್ಚಿ ಪ್ರಯೋಜನವಿಲ್ಲವೆಂದು ಬಿಡುವವರು ಬಹಳ. ಒಳಪದರ ಮತ್ತೆ ದಪ್ಪವಾಗಲು ಎಂಟರಿಂದ ಹನ್ನೆರಡು ವಾರ ಬೇಕು, ಮತ್ತು ನಿಲ್ಲಿಸಿದರೆ ಒಣಗು ಮರಳುತ್ತದೆ. ಇದು ಜೆಲ್ಲಿಯಲ್ಲ, ಸೇರುವ ಮುಂಚೆ ಹಚ್ಚುವಂಥದ್ದಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡಿದ್ದರೆ ಮೊದಲು ಅದರ ಕಾರಣ ತಿಳಿಯಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಶುರು ಮಾಡಬಾರದು. ಅಂಥವರಿಗೆ ವಾರಕ್ಕೆ ಎರಡು ಮೂರು ಸಲ ಹಾಕುವ, ಹಾರ್ಮೋನಿಲ್ಲದ ಹೈಲುರಾನಿಕ್ ಆಸಿಡ್ ಜೆಲ್ ಒಂದು ದಾರಿ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರಿಗೆ ವಯಸ್ಸು 38 ಆದರೂ ಇದೇ ಒಣಗು ಬರುತ್ತದೆ. ಹಾಲುಣಿಸುವ ತಾಯಂದಿರಿಗೂ ಅಷ್ಟೇ: ಹಾಲುಣಿಸುವಾಗ ಈಸ್ಟ್ರೋಜನ್ ಇಳಿದಿರುತ್ತದೆ, ಹೆರಿಗೆಯಾಗಿ ಮೂರು ತಿಂಗಳಾದರೂ ಉರಿ ಬಿಡದಿರುವುದು ಆಕೆಯ ಮನಸ್ಸಿನ ತೊಂದರೆಯಲ್ಲ.

ಲಿಗ್ನೊಕೇನ್ ಮರಗಟ್ಟಿಸುವ ಔಷಧ. 2% ಜೆಲ್ಲಿ ಎಲ್ಲ ಮೆಡಿಕಲ್‌ಗಳಲ್ಲೂ ಇರುತ್ತದೆ, 5% ಮುಲಾಮು ಹುಡುಕಬೇಕಾಗುತ್ತದೆ. ದ್ವಾರದ ನರಸೂಕ್ಷ್ಮತೆಗೆ ಇದರ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಆದರೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ ಮಹಿಳೆಯರಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ಒಂದು ಸರಳ ಕ್ರಮ ಕೊಟ್ಟಿದೆ: 4% ದ್ರಾವಣದಲ್ಲಿ ನೆನೆಸಿದ ಹತ್ತಿಯನ್ನು ದ್ವಾರದ ನೋವಿನ ಜಾಗಕ್ಕೆ ಮೂರು ನಿಮಿಷ ಒತ್ತಿ ಹಿಡಿದು, ಆಮೇಲೆ ಸೇರುವುದು. ಮೊದಲ ಅರ್ಧ ನಿಮಿಷ ಚುರುಗುಟ್ಟುತ್ತದೆ, ಅದು ನಿರೀಕ್ಷಿತ. ಜೆಲ್ಲಿ ಬಳಸಿದರೆ ಸಮಯವಾದ ಮೇಲೆ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಗಂಡನಿಗೂ ಮರಗಟ್ಟುತ್ತದೆ. ಕಾರಣ ಗೊತ್ತಾಗದ ನೋವನ್ನು ಇದರಿಂದ ಮುಚ್ಚಿಕೊಂಡು ಮುಂದುವರಿಯುವುದು ಮಾತ್ರ ಸರಿಯಲ್ಲ. ಹುಣ್ಣು ಸೀಳಿದ್ದೂ ಗೊತ್ತಾಗುವುದಿಲ್ಲ.

ಡೈಲೇಟರ್ ಸೆಟ್ಟು

ಬಿಗಿದ ಸ್ನಾಯುವಿಗೆ ಇದು ಸರಿಯಾದ ಸಾಮಾನು, ಆದರೆ ತಪ್ಪಾಗಿ ಬಳಸಲ್ಪಡುವುದೂ ಇದೇ. ಹೆಸರು ಕೇಳಿ ಇದು ಯೋನಿಯನ್ನು ಹಿಗ್ಗಿಸುವ ಸಾಧನವೆಂದು ತಿಳಿಯುತ್ತಾರೆ. ಹಿಗ್ಗಿಸಲು ಅಲ್ಲಿ ಏನೂ ಇಲ್ಲ. ಮಗುವಿನ ತಲೆ ಬರುವ ದಾರಿ ಅದು. ಒಳಗೆ ಏನಾದರೂ ಇದ್ದಾಗಲೂ ಸ್ನಾಯು ಸಡಿಲವಾಗಿರಬಹುದು ಎಂಬುದನ್ನು ಅಭ್ಯಾಸ ಮಾಡಿಸುವುದಷ್ಟೇ ಇದರ ಕೆಲಸ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಗಾತ್ರಗಳ ನಡುವಿನ ಅಂತರ. ಒಂದಕ್ಕಿಂತ ಇನ್ನೊಂದರ ವ್ಯಾಸ 3-4 ಮಿಲಿಮೀಟರಿಗಿಂತ ಹೆಚ್ಚು ಜಿಗಿದರೆ ಅದೇ ಜಾಗದಲ್ಲಿ ಅಭ್ಯಾಸ ನಿಂತುಹೋಗುತ್ತದೆ. ನಾಲ್ಕೇ ತುಂಡಿರುವ ಅಗ್ಗದ ಸೆಟ್ಟುಗಳಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಈ ತೊಂದರೆ ಸಾಮಾನ್ಯ. ಅತಿ ಚಿಕ್ಕದು ಕಿರುಬೆರಳಿನಷ್ಟಿರಬೇಕು. ಮಾರುವವರು ಉದ್ದ ಮಾತ್ರ ಬರೆದು ವ್ಯಾಸ ಬರೆಯದಿದ್ದರೆ ಕೊಳ್ಳಬೇಡಿ. ಎರಡನೆಯದು ಮೇಲ್ಮೈ. ಕಣ್ಣು ಮುಚ್ಚಿ ಬೆರಳಿಂದ ಸವರಿದರೆ ಅಚ್ಚಿನ ಗೆರೆ ತಾಗಬಾರದು. ಆ ಕೂದಲೆಳೆಯ ಗೆರೆಯೇ ನೋಯುವ ಚರ್ಮಕ್ಕೆ ಗರಗಸ. ಬಿಚ್ಚಿದಾಗ ಕಟುವಾದ ರಬ್ಬರು ವಾಸನೆ ಬಂದರೆ ಅದು ವೈದ್ಯಕೀಯ ದರ್ಜೆಯ ಸಿಲಿಕೋನ್ ಅಲ್ಲ. ಬುಡ ಅಗಲವಾಗಿರಬೇಕು, ಇಲ್ಲವೇ ಹಿಡಿಯಿರಬೇಕು. ಗಟ್ಟಿ ಪ್ಲಾಸ್ಟಿಕ್ಕಿನವು ಸುಲಭವಾಗಿ ಜಾರುತ್ತವೆ, ಗಾಯದ ಕಲೆಯನ್ನು ಒತ್ತಿ ಸಡಿಲಿಸಲು ಒಳ್ಳೆಯವು. ಸಿಲಿಕೋನ್ ಮೆತ್ತಗೆ, ಭಯ ಹೆಚ್ಚಿರುವವರಿಗೆ ಹಿತ, ಕುದಿಸಿ ಶುಚಿ ಮಾಡಬಹುದು. ಸೆಟ್ಟಿಗೆ ಸಾವಿರಾರು ರೂಪಾಯಿ ಕೊಡಲಾಗದವರಿಗೆ ತಮ್ಮದೇ ಬೆರಳು ಸಾಕು. ಉಗುರು ಕತ್ತರಿಸಿ, ತೋರುಬೆರಳಿನ ಮೊದಲ ಗೆಣ್ಣು, ಎರಡನೆಯ ಗೆಣ್ಣು, ಆಮೇಲೆ ಎರಡು ಬೆರಳು. ಅಷ್ಟರವರೆಗೆ ಇದು ಯಾವ ಸೆಟ್ಟಿಗೂ ಕಡಿಮೆಯಲ್ಲ, ಒಳಗಿನ ಬಿಗಿತವನ್ನೂ ಬೆರಳೇ ಹೇಳಿಬಿಡುತ್ತದೆ.

ಬಳಸುವ ಕ್ರಮ: ಮೂತ್ರ ಮಾಡಿ ಬಂದು, ತಲೆಗೆ ಎರಡು ದಿಂಬು ಇಟ್ಟು ಒರಗಿ, ಮಂಡಿ ಮಡಚಿ, ಎರಡೂ ಮಂಡಿಯ ಹೊರಗೆ ಒಂದೊಂದು ದಿಂಬು ಆಸರೆಗಿಡಿ. ತೊಡೆ ಎತ್ತಿ ಹಿಡಿಯುವ ಕೆಲಸ ಸ್ನಾಯುವಿಗೆ ಇರಬಾರದು. ಹೊಟ್ಟೆ ಉಬ್ಬುವಂತೆ ಐದಾರು ಸಲ ನಿಧಾನ ಉಸಿರಾಡಿ. ನೀರಿನ ಜೆಲ್ಲಿ ಧಾರಾಳವಾಗಿ ಹಚ್ಚಿದ ಚಿಕ್ಕ ಡೈಲೇಟರನ್ನು ದ್ವಾರಕ್ಕೆ ತಾಗಿಸಿ ಅಲ್ಲೇ ನಿಲ್ಲಿಸಿ. ಮಲವಿಸರ್ಜನೆಗೆ ತಿಣುಕುವಂತೆ ಬಹಳ ಮೆಲ್ಲಗೆ ಕೆಳಕ್ಕೆ ತಳ್ಳಿದರೆ ದ್ವಾರ ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ಒಳಗೆ ಬಿಡಬೇಕು, ನೇರವಾಗಿ ಅಲ್ಲ, ಬೆನ್ನುಮೂಳೆಯ ತುದಿಯ ಕಡೆಗೆ ಓರೆಯಾಗಿ. ನೇರ ತಳ್ಳಿದರೆ ಮೂತ್ರಕೋಶದ ಕಡೆ ತಾಗಿ ನೋವಾಗುತ್ತದೆ, ಅದನ್ನೇ ಅಡ್ಡಗೋಡೆಯೆಂದು ಎಷ್ಟೋ ಜನ ಭಾವಿಸುತ್ತಾರೆ. ಒಳಗೆ ಹೋದ ಮೇಲೆ ಹತ್ತರಿಂದ ಹದಿನೈದು ನಿಮಿಷ ಸುಮ್ಮನೆ ಇರಲಿ. ದಿನ ಅಥವಾ ದಿನ ಬಿಟ್ಟು ದಿನ. ನೋವು ಹತ್ತಕ್ಕೆ ಎರಡರೊಳಗೆ ಇಳಿದು, ಸತತ ಕೆಲವು ದಿನ ಹಾಗೇ ಇದ್ದರೆ ಮಾತ್ರ ಮುಂದಿನ ಗಾತ್ರ, ಅದೂ ಆ ದಿನ ಹಿಂದಿನ ಗಾತ್ರದಿಂದ ಶುರು ಮಾಡಿ. ನೋವಾದರೂ ಹಲ್ಲು ಕಚ್ಚಿ ಮುಂದುವರಿಸುವುದು ಅಭ್ಯಾಸವನ್ನು ಹಿಂದಕ್ಕೆ ಒಯ್ಯುತ್ತದೆ, ಯಾಕೆಂದರೆ ಸ್ನಾಯು ಕಲಿಯುವುದು ಆ ನೋವನ್ನೇ. ತಿಂಗಳುಗಳ ಕೆಲಸ ಇದು. ಕೂಡು ಕುಟುಂಬದ ಮನೆಯಲ್ಲಿ, ಚಿಲಕ ಹಾಕಿದರೆ ಯಾರಾದರೂ ಕರೆಯುವ ಕೋಣೆಯಲ್ಲಿ ದೇಹ ಸಡಿಲವಾಗುವುದಿಲ್ಲ. ಸ್ನಾನದ ಹೊತ್ತಿನಲ್ಲಿ, ಒಂದು ಕಾಲು ಸ್ಟೂಲಿನ ಮೇಲಿಟ್ಟು ಮಾಡುವುದೂ ನಡೆಯುತ್ತದೆ.

ಇದರ ಜೊತೆಗೆ ಬಹಳ ಜನ ಕೇಗಲ್ ವ್ಯಾಯಾಮ, ಅಂದರೆ ಯೋನಿಯ ಸುತ್ತಲಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ, ಮಾಡುತ್ತಾರೆ, ಮಾಡಿಸುತ್ತಾರೆ. ಬಿಗಿದ ಸ್ನಾಯುವಿಗೆ ಇದು ತಿರುಗುಬಾಣ. ಕೇಗಲ್ ಇರುವುದು ಸಡಿಲವಾದ ಸ್ನಾಯುವನ್ನು ಬಲಪಡಿಸಲು. ಇಲ್ಲಿ ಬೇಕಾಗಿರುವುದು ಬಿಡುವುದು: ಆಳವಾದ ಉಸಿರು, ಮಗುವಿನಂತೆ ಮಂಡಿಗಳನ್ನು ಎದೆಗೆ ಎಳೆದುಕೊಂಡು ಮಲಗುವುದು, ಮಲಬದ್ಧತೆ ಹೋಗಿಸಿಕೊಳ್ಳುವುದು. ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು) ಕೆಲಸ ಗೊತ್ತಿರುವ ಫಿಸಿಯೋಥೆರಪಿಸ್ಟ್ ಬೆಂಗಳೂರಿನಂಥ ಊರಲ್ಲಿ ಸಿಗುತ್ತಾರೆ. ಬೆರಳಿಂದ ಒಳಗಿನ ಸ್ನಾಯು ಪರೀಕ್ಷಿಸುತ್ತಾರೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ. ಸೊಂಟಕ್ಕೆ ಬಿಸಿ ಕೊಟ್ಟು ಕಳಿಸುವವರಲ್ಲಿ ಈ ಕೆಲಸ ಆಗದು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ರೇಡಿಯೇಷನ್ ಆದವರ ವಿಷಯ ಬೇರೆ: ಅವರಲ್ಲಿ ಯೋನಿಯ ಗೋಡೆಗಳೇ ಅಂಟಿಕೊಂಡು ಕಿರಿದಾಗುತ್ತವೆ. ಚಿಕಿತ್ಸೆ ಮುಗಿದು ಕೆಲವು ವಾರಗಳಲ್ಲಿ, ವೈದ್ಯರು ಹೇಳಿದ ದಿನದಿಂದ ವಾರಕ್ಕೆ ಎರಡು ಮೂರು ಸಲ ಡೈಲೇಟರ್ ಬೇಕಾಗುತ್ತದೆ, ಗಂಡನ ಜೊತೆ ಸೇರಲಿ ಬಿಡಲಿ. ಮುಂದಿನ ತಪಾಸಣೆಗೂ ಆ ದಾರಿ ತೆರೆದಿರಬೇಕು.

ಆಳದ ನೋವು ಮತ್ತು ವೈದ್ಯರ ಕೋಣೆ

ಇಷ್ಟೂ ಸಾಮಾನುಗಳಲ್ಲಿ ಆಳದ ನೋವಿಗೆ ಔಷಧ ಯಾವುದೂ ಇಲ್ಲ. ಶಿಶ್ನದ ಬುಡಕ್ಕೆ ತೊಡಿಸುವ ಮೆತ್ತನೆಯ ಸಿಲಿಕೋನ್ ಬಳೆಗಳು ಬಂದಿವೆ, ಎಷ್ಟು ಆಳ ಹೋಗಬೇಕೆಂಬುದನ್ನು ಬಳೆ ಸೇರಿಸಿ ತೆಗೆದು ನಿಗದಿ ಮಾಡಬಹುದು. ಹೆಂಡತಿ ಮೇಲಿರುವ ಅಥವಾ ಮಗ್ಗುಲಾಗಿ ಮಲಗುವ ಭಂಗಿಗಳಂತೆಯೇ ಇವು ನೋವು ತಪ್ಪಿಸುತ್ತವೆ, ಕಾಯಿಲೆ ವಾಸಿಮಾಡುವುದಿಲ್ಲ. ಆಳದ ನೋವಿನ ಜೊತೆ ಮುಟ್ಟಿನ ಹೊಟ್ಟೆನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯೂ ನೋವಾದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ಕಾಯಿಲೆಯನ್ನು ಅನುಮಾನಿಸಬೇಕು. ಮಾಮೂಲಿ ಸ್ಕ್ಯಾನ್ ಚಾಕೊಲೇಟ್ ಸಿಸ್ಟನ್ನು ತೋರಿಸುತ್ತದೆ, ಹೊಟ್ಟೆಯ ಒಳಪೊರೆಯ ಮೇಲೆ ಹರಡಿದ ಚುಕ್ಕೆಗಳನ್ನು ತೋರಿಸದು. ಸ್ಕ್ಯಾನ್ ನಾರ್ಮಲ್ ಬಂದಿದೆ, ನಿಮಗೇನೂ ಇಲ್ಲ ಎನ್ನುವ ಮಾತು ಇಲ್ಲಿ ತಪ್ಪು. ಡೈನೋಜೆಸ್ಟ್ 2 ಮಿಲಿಗ್ರಾಂ ದಿನಕ್ಕೊಂದರಂಥ ಹಾರ್ಮೋನ್ ಚಿಕಿತ್ಸೆಯನ್ನು ಆಪರೇಷನ್ ಇಲ್ಲದೆಯೂ, ಲಕ್ಷಣ ನೋಡಿ ಶುರು ಮಾಡುವುದುಂಟು. ಮಗು ಬೇಕೆಂದಿರುವವರಿಗೆ ಆ ದಾರಿ ಹೊಂದದು, ಅದನ್ನು ಮೊದಲೇ ಹೇಳಬೇಕು.

ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಸೆರಗು ಜೊತೆಗಿದ್ದರೆ ಒಳಸೋಂಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಇದಕ್ಕೆ ಬಣ್ಣದ ಕಿಟ್‌ಗಳು ಉಚಿತ. ಹಸಿರು ಕಿಟ್ ಬಿಳಿ ಸೆರಗಿಗೆ: ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ. ಹಳದಿ ಕಿಟ್ ಒಳಸೋಂಕಿಗೆ: ಸೆಫಿಕ್ಸಿಮ್ ಒಂದು ಸಲ, ಮೆಟ್ರೊನಿಡಜೋಲ್ ಮತ್ತು ಡಾಕ್ಸಿಸೈಕ್ಲಿನ್ ದಿನಕ್ಕೆರಡು ಸಲದಂತೆ 14 ದಿನ. ನಾಲ್ಕನೆಯ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸಿದರೆ, ಅಥವಾ ಗಂಡನಿಗೆ ಚಿಕಿತ್ಸೆ ಆಗದಿದ್ದರೆ ಅದು ಮರಳಿ ಬರುತ್ತದೆ. ಕಿಟ್ ಒಳ್ಳೆಯದೇ, ಪರೀಕ್ಷಿಸದೆ ಕಿಟ್ ಕೊಟ್ಟು ಕಳಿಸುವುದು ಒಳ್ಳೆಯದಲ್ಲ.

ಸ್ತ್ರೀರೋಗ ವೈದ್ಯರ ಭೇಟಿಯನ್ನೂ ಒಂದು ಸೇವೆಯಂತೆಯೇ ಅಳೆಯಬಹುದು. ಒಳ್ಳೆಯ ವೈದ್ಯರು ಗಂಡನನ್ನೂ ಅತ್ತೆಯನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತಾರೆ. ಮದುವೆಯಾದಾಗಿನಿಂದಲೋ ನಡುವೆ ಶುರುವಾದದ್ದೋ ಎಂದು ಕೇಳುತ್ತಾರೆ. ಹಿಂದೆ ಬಲವಂತ ನಡೆದಿದೆಯೇ ಎಂದೂ ಮೆಲ್ಲಗೆ ಕೇಳುತ್ತಾರೆ. ಏನು ಮಾಡುತ್ತೇನೆಂದು ಮೊದಲೇ ಹೇಳಿ, ಸಾಕು ಎಂದರೆ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟು, ಬೆಳಕು ಹಿಡಿದು ಹೊರಚರ್ಮ ನೋಡಿ, ಹತ್ತಿಕಡ್ಡಿಯಿಂದ ಮುಟ್ಟಿ, ಆಮೇಲೆ ಒಂದೇ ಬೆರಳಿಂದ ಎರಡೂ ಬದಿಯ ಸ್ನಾಯುವನ್ನು ಒತ್ತಿ ಇದೇ ನೋವೇ ಎಂದು ಕೇಳುತ್ತಾರೆ. ಸ್ಪೆಕ್ಯುಲಮ್ (ಯೋನಿಯನ್ನು ತೆರೆದು ಒಳಗೆ ನೋಡುವ ಉಪಕರಣ) ಬೇಕಾದರೆ ಚಿಕ್ಕ ಗಾತ್ರದ್ದು, ಬೆಚ್ಚಗಿನ ನೀರಲ್ಲಿ ಅದ್ದಿದ್ದು. ಸೆರಗಿಗೆ ಪಿಎಚ್ ಕಾಗದ ತಾಗಿಸುವುದು ನಿಮಿಷದ ಕೆಲಸ: 4.5 ದಾಟಿದರೆ ಬ್ಯಾಕ್ಟೀರಿಯಾದ ಸೋಂಕು, ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕು ಅಥವಾ ಮುಟ್ಟು ನಿಂತ ಒಣಗು. ಫಂಗಸ್‌ನಲ್ಲಿ ಸಾಮಾನ್ಯವಾಗಿ ದಾಟುವುದಿಲ್ಲ. ವಜೈನಿಸ್ಮಸ್ ಇರುವವರಿಗೆ ಮೊದಲ ಭೇಟಿಯಲ್ಲೇ ಒಳಪರೀಕ್ಷೆ ಆಗಲೇಬೇಕೆಂದೇನಿಲ್ಲ. "ಸ್ವಲ್ಪ ರಿಲ್ಯಾಕ್ಸ್ ಆಗಮ್ಮ, ಮದುವೆಯಾಗಿಲ್ವಾ" ಎಂದು ಗದರಿಸುವ ಕೋಣೆಯಿಂದ ಎದ್ದು ಬರುವ ಹಕ್ಕು ನಿಮಗಿದೆ. ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಚಿಕಿತ್ಸೆಯಲ್ಲ.

ಹೇಳುವ ಮಾತು ಹುಡುಕಾಡುವವರು ಇಷ್ಟು ಹೇಳಿದರೆ ಸಾಕು: "ಡಾಕ್ಟ್ರೇ, ಸೇರುವಾಗ ನೋವಾಗುತ್ತೆ. ಶುರುವಿನಲ್ಲೇ, ಉರಿ ಥರ, ಆರು ತಿಂಗಳಿಂದ." ಸೇರಿದ ಮೇಲೆ ಪ್ರತಿ ಸಲ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಯಾವ ಟ್ಯೂಬನ್ನೂ ಪ್ರಯತ್ನಿಸದೆ ಹೋಗಿ, ಗರ್ಭಕೋಶದ ಕೊರಳಿನ ಪರೀಕ್ಷೆ ಆಗಬೇಕು. ಇದ್ದಕ್ಕಿದ್ದಂತೆ ಒಂದೇ ಬದಿಯಲ್ಲಿ ತಡೆಯಲಾಗದ ನೋವು, ಮುಟ್ಟು ತಪ್ಪಿದ್ದು, ತಲೆಸುತ್ತು ಸೇರಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ.

ಕೊನೆಯದಾಗಿ ಲೇಸರ್. ಮುಟ್ಟು ನಿಂತವರ ಒಣಗಿಗೆ ಮೂರು ಸಿಟ್ಟಿಂಗ್ ಪ್ಯಾಕೇಜು ಎಂದು ನಗರದ ಕ್ಲಿನಿಕ್ಕುಗಳು ಮಾರುತ್ತಿವೆ. ಅಮೆರಿಕದ ಔಷಧ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈಯಲ್ಲೇ ಇಂಥ ಉಪಕರಣಗಳಿಂದ ಸುಟ್ಟಗಾಯ, ಕಲೆ, ಸೇರುವಾಗಿನ ನೋವು ಉಂಟಾಗಬಹುದೆಂದು ಎಚ್ಚರಿಸಿತ್ತು. 2021ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ನಿಜವಾದ ಲೇಸರನ್ನೂ ಸುಳ್ಳು ಲೇಸರನ್ನೂ ಹೋಲಿಸಿದಾಗ ಹನ್ನೆರಡು ತಿಂಗಳ ಕೊನೆಗೆ ಲಕ್ಷಣಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಎತ್ತಿಟ್ಟ ದುಡ್ಡನ್ನು ಫಿಸಿಯೋಥೆರಪಿಗೆ ಕೊಡಿ, ಒಣಗಿಗೆ ಎಸ್ಟ್ರಿಯೋಲ್ ಕ್ರೀಮನ್ನು ಮೂರು ತಿಂಗಳು ಬಿಡದೆ ಹಚ್ಚಿ.